ಐನೂರು ಪದ ಮೀರದಂತೆ

ಅರ್ಜಿಯ ಒಂಬತ್ತನೇ ಕಲಮು ಕೇಳಿತ್ತು:
ಮುಪ್ಪಿನ ಜೀವಶಾಸ್ತ್ರವನ್ನೇ ಏಕೆ ಆರಿಸಿಕೊಂಡಿರಿ?
ಐನೂರು ಪದ ಮೀರದಂತೆ ಬರೆಯಿರಿ.
ಬರೆದೆ. ಜೀವಕೋಶ ತನ್ನ ಕಸ ತಾನೇ ಗುಡಿಸಲಾರದೆ
ಸೋಲುವುದನ್ನು,
ಒಂದು ಪ್ರೋಟೀನಿನ ಹೆಸರನ್ನು ಏಳು ಸಲ.
ನಾಲ್ಕುನೂರ ತೊಂಬತ್ತೆಂಟು ಆಯಿತು.
ಎರಡು ಪದ ನನ್ನಲ್ಲೇ ಉಳಿದವು:
ಅಪ್ಪ. ಬಣ್ಣ.

ಶಾರ್ಜಾದ ರೋಲಾದಲ್ಲಿ, ಹಳೇ ಚಿನ್ನದಂಗಡಿಯ ಹಿಂದಿನ ಓಣಿಯಲ್ಲಿ
ಮೂರು ಕುರ್ಚಿಯ ಸೆಲೂನು. ಅಪ್ಪನದಲ್ಲ;
ಅಪ್ಪನದು ನಡುವಿನ ಕುರ್ಚಿ ಮಾತ್ರ.
ಹೆಂಗಸರು ಒಳಗೆ ಬರುವಂತಿಲ್ಲ.
ಊಟದ ಡಬ್ಬಿಯ ನೆಪದಲ್ಲಿ ಬಾಗಿಲಲ್ಲಿ ನಿಂತು ನೋಡುತ್ತಲೇ ಬೆಳೆದೆ.

ವೀಸಾ ಮೆಡಿಕಲ್ಲಿನ ಹಿಂದಿನ ದಿನ ಬರುವವರು
ಏನೂ ಕೇಳುವುದಿಲ್ಲ. ಟೋಪಿ ತೆಗೆದು ತಲೆ ಬಾಗಿಸುತ್ತಾರೆ, ಅಷ್ಟೆ.
ಅಪ್ಪ ಬಟ್ಟಲಲ್ಲಿ ಕರಿ ಪುಡಿ ಕಲಸುತ್ತಾರೆ.
ಹುಬ್ಬಿಗೆ ಹಲ್ಲುಜ್ಜುವ ಬ್ರಶ್ಶು, ಮೀಸೆಗೆ ಬೆಂಕಿಕಡ್ಡಿ.
ಕಿವಿಯ ಹಿಂದೆ ಒಂದೆಳೆ ಬಿಳಿ ಬಿಡುತ್ತಾರೆ:
"ಪೂರಾ ಕಪ್ಪಾದ್ರೆ ಡೌಟು ಬರ್ತದೆ."

ಬಂಟ್ವಾಳದ ಇದ್ದಿನಬ್ಬಾಕ ಹುಟ್ಟಿದ್ದು ಜೂನ್ ಒಂದು,
ಶಾಲೆಯ ಮಾಷ್ಟ್ರ ಲೆಕ್ಕದಲ್ಲಿ.
ಅವರ ಉಮ್ಮನ ಲೆಕ್ಕದಲ್ಲಿ, ದೊಡ್ಡ ನೆರೆ ಬಂದ ವರ್ಷ
ಅವರಿಗೆ ಆಗಲೇ ಹಾಲುಹಲ್ಲು ಬಿದ್ದಿತ್ತು.
ಒಂದು ಸಲ ಹುಚ್ಚು ಹೆಮ್ಮೆಯಲ್ಲಿ ಹೇಳಿಬಿಟ್ಟೆ:
ಒಂದು ಹನಿ ರಕ್ತದಲ್ಲಿ
ನಿಜವಾದ ವಯಸ್ಸು ಓದುವ ಗಡಿಯಾರ
ನಮ್ಮ ಲ್ಯಾಬಿನಲ್ಲಿ ಉಂಟು ಎಂದು.
ಕತ್ತರಿ ನಿಂತಿತು.
ಮೂರು ಕನ್ನಡಿಗಳಿಂದ ಮೂರು ಮುಖ ನನ್ನತ್ತ.
"ಅದನ್ನು ಮೆಡಿಕಲ್ ಸೆಂಟರಿನವರಿಗೆ ಹೇಳ್ಬೇಡ ಮಗಾ,"
ಎಂದರು ಇದ್ದಿನಬ್ಬಾಕ.
ಯಾರೂ ನಗಲಿಲ್ಲ.

ನನ್ನ ಹುಳುಗಳು ಇಪ್ಪತ್ತು ಡಿಗ್ರಿಯಲ್ಲಿ ಬದುಕುತ್ತವೆ.
ಹೊರಗೆ ನಲವತ್ತಾರು.
ಒಂದು ಡಿಗ್ರಿ ಏರಿದರೆ ಸಾಕು, ನನ್ನ ಫೋನು ಕಿರುಚುತ್ತದೆ.
ಅಲ್ಪವಿರಾಮದಷ್ಟು ಮೈ, ಮೂರು ವಾರದ ಆಯುಷ್ಯ.
ದಿನ ಬಿಟ್ಟು ದಿನ, ಈದ್ ಇರಲಿ ಚೌತಿ ಇರಲಿ,
ಪ್ಲಾಟಿನಮ್ ತಂತಿಯ ತುದಿಯಿಂದ ಒಂದೊಂದನ್ನೇ ತಟ್ಟಬೇಕು.
ತಲೆ ಎತ್ತಿದರೆ, ಇದೆ.
ಮೂರು ಸಲ ತಟ್ಟಿದರೂ ಎತ್ತದಿದ್ದರೆ ಪುಸ್ತಕದಲ್ಲಿ ಒಂದು ಗೀಟು.
ಕೆಲವು ತಟ್ಟೆಯ ಗೋಡೆ ಹತ್ತಿ ಕಾಣೆಯಾಗುತ್ತವೆ.
ಅವನ್ನು ಸತ್ತವುಗಳ ಲೆಕ್ಕಕ್ಕೆ ಹಿಡಿಯುವಂತಿಲ್ಲ, ಬೇರೆ ಕಾಲಮು.
ಅಲ್ಲಿ ಬರೆಯುವಾಗ ಮಾತ್ರ ನನ್ನ ಕೈ ತಡೆಯುತ್ತದೆ:
ಪೆಶಾವರದ ಗುಲ್ಜರಿನ್ ಚಾಚಾ
ಹೋದ ವರ್ಷ ರಿನ್ಯೂ ಆಗದೆ ಹೋದರು.
ಅವರ ಅರ್ಧ ಮುಗಿದ ಬಣ್ಣದ ಪೊಟ್ಟಣ
ರಬ್ಬರ್ ಬ್ಯಾಂಡ್ ಹಾಕಿಕೊಂಡು ಇನ್ನೂ ಅಪ್ಪನ ಡ್ರಾಯರಿನಲ್ಲಿದೆ.

ಪತ್ರ ಬಂತು. ಸುಪ್ರಭಾ ವಾಮನ ಭಂಡಾರಿ,
ತಮ್ಮನ್ನು ಆಯ್ಕೆ ಮಾಡಲು ಸಂತೋಷಪಡುತ್ತೇವೆ.
ತಿಂಗಳಿಗೆ ಇಷ್ಟು ದಿರ್ಹಮು, ಒಂದು ಸಮ್ಮೇಳನಕ್ಕೆ ವಿಮಾನದ ಖರ್ಚು.
ಇನ್ನು ಆ ಅವಳಿ ಹುಡುಗರ ಗಣಿತದ ಟ್ಯೂಶನ್ ಬಿಡಬಹುದು.
ಬಾಗಿಲಲ್ಲಿ ನಿಂತೇ ಓದಿ ಹೇಳಿದೆ.
ಅಪ್ಪ ಕೈ ಒರೆಸಿಕೊಂಡರು. "ಎಷ್ಟು ವರ್ಷಕ್ಕೆ ಉಂಟು ಅದು?"
"ಎರಡು. ಆಮೇಲೆ ರಿಪೋರ್ಟು ನೋಡಿ ಮುಂದುವರಿಸ್ತಾರೆ."
"ಹಾಗಾದ್ರೆ ಅದೂ ವೀಸಾವೇ ಮಾರಾಯ್ತಿ."
ಆದರೂ ಮೂರು ಕುರ್ಚಿಗೂ ಲಡ್ಡು ಹಂಚಿದರು.
ಬಣ್ಣ ಹಚ್ಚಿಕೊಂಡು ಕುಳಿತವರು
ಗಲ್ಲ ಎತ್ತಿ, ತಾಗದಂತೆ ತಿಂದರು.

ಆ ರಾತ್ರಿ ಬಚ್ಚಲಲ್ಲಿ ಅಮ್ಮ ಹಳೇ ಪೇಪರು ಹಾಸಿದಳು.
ಅಪ್ಪ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಬನಿಯನ್ನಿನಲ್ಲಿ.
"ನಾಳೆ ನನ್ನದು," ಎಂದರು, "ಹಿಂದೆಲ್ಲ ನನಗೆ ಕಾಣುವುದಿಲ್ಲ."
ಲ್ಯಾಬಿನ ನೀಲಿ ಕೈಗವಸು ಹಾಕಿಕೊಂಡೆ.
ಎಷ್ಟು ನೀರು ಎಂದು ಕೇಳಬೇಕಾಗಲಿಲ್ಲ.
ಕಿವಿಯ ಹಿಂದೆ ಒಂದೆಳೆ ಬಿಟ್ಟೆ.
ಬ್ರಶ್ಶಿನ ತುದಿ ಕುತ್ತಿಗೆಗೆ ತಾಗಿತು.
ತಣ್ಣಗಾಯಿತೇನೋ,
ತಲೆ ಎತ್ತಿದರು.
"ಅಲುಗಬೇಡಿ," ಎಂದೆ.